ಅಮ್ಮನ ‘ಉಷ್ಣ’ ಮತ್ತು ಈಸ್ಟ್ರೋಜನ್ ಪ್ಯಾಚು

ನಮ್ಮ ಕನ್ನಡ ಕೂಟದ ಪಾಟ್‌ಲಕ್‌ಗಳಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿ ನೋವು ಎಲ್ಲವೂ ಬಿಸಿಬೇಳೆ ಭಾತಿನ ಜೊತೆಗೇ ಚರ್ಚೆಯಾಗುತ್ತವೆ. ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳ ಮಾತು ಬಂತೋ, ಹೆಂಗಸರು ಅಡುಗೆಮನೆ ಕಡೆ ಸರಿಯುತ್ತಾರೆ, ಗಂಡಸರು ಕ್ರಿಕೆಟ್ ಕಡೆ. ಗಂಡಸೊಬ್ಬ ಇದನ್ನು ಬರೆಯುತ್ತಿದ್ದಾನಲ್ಲ ಎಂದು ಹುಬ್ಬೇರಿಸಬೇಡಿ. ಊರಿನಿಂದ ಬಂದ ಅಮ್ಮನನ್ನೋ ಅತ್ತೆಯನ್ನೋ ಇಲ್ಲಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿ, ನಡುವೆ ಕುಳಿತು ಭಾಷಾಂತರ ಮಾಡುವವರು ಬಹಳ ಸಲ ನಮ್ಮಂಥ ಮಕ್ಕಳೇ. ನಾನು ಡಾಕ್ಟರಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಆದರೆ ತಪ್ಪು ಇನ್‌ಪುಟ್ ಕೊಟ್ಟರೆ ಎಂಥ ಔಟ್‌ಪುಟ್ ಬರುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು.

ರಾತ್ರಿ ಎರಡು ಗಂಟೆಗೆ ಎದ್ದು ಬೆವರು ಒರೆಸಿಕೊಳ್ಳುವುದು, ಜನವರಿಯ ಹಿಮದಲ್ಲೂ ಕಿಟಕಿ ತೆಗೆಯುವುದು, ನಿದ್ದೆ ಇಲ್ಲದೆ ಬೆಳಿಗ್ಗೆ ಎಲ್ಲರ ಮೇಲೂ ರೇಗುವುದು. ಇದಕ್ಕೆಲ್ಲ ನಮ್ಮಲ್ಲಿ ಒಂದೇ ಹೆಸರು, ಉಷ್ಣ. ನೆತ್ತಿಗೆ ಹರಳೆಣ್ಣೆ, ಕುಡಿಯಲು ಮಜ್ಜಿಗೆ, ರಾತ್ರಿ ನೆನೆಸಿಟ್ಟ ಮೆಂತ್ಯ. ಅವೆಲ್ಲ ಹಿತವೇ, ಬೇಡ ಅನ್ನುತ್ತಿಲ್ಲ. ಆದರೆ ನಿಜವಾಗಿ ಆಗುತ್ತಿರುವುದು ಬೇರೆ. ಅಂಡಾಶಯಗಳು ಈಸ್ಟ್ರೋಜನ್ ಹಾರ್ಮೋನನ್ನು ಕಡಿಮೆ ಮಾಡಿದಾಗ ಮಿದುಳಿನ ಥರ್ಮೋಸ್ಟಾಟ್ ಅತಿಸೂಕ್ಷ್ಮವಾಗುತ್ತದೆ. ಮೈ ಬಿಸಿ ತುಸು ಏರಿದರೂ ‘ಬೆವರು ಸುರಿಸು’ ಎಂದು ಆಜ್ಞೆ ಹೊರಡಿಸುತ್ತದೆ. ಅಮೆರಿಕದ ಹೆಂಗಸರಿಗೆ ಸರಾಸರಿ 51-52ಕ್ಕೆ ಮುಟ್ಟು ನಿಂತರೆ ಭಾರತದಲ್ಲಿ ಸುಮಾರು 46-47ಕ್ಕೇ ನಿಲ್ಲುತ್ತದೆ. ಆದ್ದರಿಂದ ನಲವತ್ತೈದರ ಅಕ್ಕನಿಗೆ ‘ನಿಂಗಿನ್ನೂ ಅಷ್ಟು ವಯಸ್ಸಾಗಿಲ್ಲ ಬಿಡು’ ಎಂದು ಹೇಳಿ ಸುಮ್ಮನಾಗಿಸಬೇಡಿ.

ಈ ಧಗೆಗೆ ಇವತ್ತಿಗೂ ಅತಿ ಪರಿಣಾಮಕಾರಿ ಔಷಧಿ ಈಸ್ಟ್ರೋಜನ್ನೇ. ಮತ್ತೆ ಎಲ್ಲರಿಗೂ ಭಯ ಯಾಕೆ? 2002ರ ಜುಲೈನಲ್ಲಿ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ಭಾರೀ ಅಧ್ಯಯನದ ಒಂದು ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ ಸೇರಿಸಿದ ಮಾತ್ರೆಯ ಪರೀಕ್ಷೆ ಅದು. 16,608 ಮಹಿಳೆಯರು ಭಾಗವಹಿಸಿದ್ದರು. ಸ್ತನ ಕ್ಯಾನ್ಸರ್ ಶೇಕಡಾ 26 ಹೆಚ್ಚು ಎಂದು ಪತ್ರಿಕೆಗಳು ಬರೆದವು. ಲಕ್ಷಾಂತರ ಜನ ರಾತ್ರೋರಾತ್ರಿ ಮಾತ್ರೆ ಬಿಟ್ಟರು.

ಶೇಕಡಾ ಲೆಕ್ಕ ನೋಡಿದಾಗಲೆಲ್ಲ ‘ಯಾವುದರ ಶೇಕಡಾ?’ ಎಂದು ಕೇಳುವುದು ನಮ್ಮ ಕಸುಬಿನ ಚಾಳಿ. ವರ್ಷಕ್ಕೆ ಹತ್ತು ಸಾವಿರ ಹೆಂಗಸರಲ್ಲಿ 30 ಇದ್ದದ್ದು 38 ಆಗಿತ್ತು, ಅಂದರೆ ಎಂಟು ಹೆಚ್ಚು. ಅದು ಸೊನ್ನೆಯಲ್ಲ, ನಿಜ. ಪಾರ್ಶ್ವವಾಯು ಕೂಡ ಅಷ್ಟೇ ಹೆಚ್ಚಿತ್ತು. ಆದರೆ ಭಾಗವಹಿಸಿದವರ ಸರಾಸರಿ ವಯಸ್ಸು 63! ಮುಟ್ಟು ನಿಂತು ಹತ್ತಾರು ವರ್ಷವಾದವರ ಫಲಿತಾಂಶವನ್ನು ಐವತ್ತರವರಿಗೆ ಹಾಗೇ ಕಾಪಿ-ಪೇಸ್ಟ್ ಮಾಡಲಾಯಿತು. ಗರ್ಭಕೋಶ ತೆಗೆಸಿಕೊಂಡು ಬರೀ ಈಸ್ಟ್ರೋಜನ್ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲೇ ಇಲ್ಲ. ಈಗ ತಜ್ಞರ ಒಟ್ಟು ಅಭಿಪ್ರಾಯವೆಂದರೆ, ಅರವತ್ತರ ಒಳಗಿದ್ದು ಅಥವಾ ಮುಟ್ಟು ನಿಂತು ಹತ್ತು ವರ್ಷ ದಾಟದೆ, ತೊಂದರೆ ಹೆಚ್ಚಿದ್ದು, ಬೇರೆ ಅಡ್ಡಿಯಿಲ್ಲದ ಬಹುತೇಕರಿಗೆ ಅಪಾಯಕ್ಕಿಂತ ಪ್ರಯೋಜನವೇ ಜಾಸ್ತಿ. 2025ರ ನವೆಂಬರ್‌ನಲ್ಲಿ ಇಲ್ಲಿನ ಎಫ್‌ಡಿಎ, ಈ ಔಷಧಿಗಳ ಮೇಲಿದ್ದ ಹೃದ್ರೋಗ, ಸ್ತನ ಕ್ಯಾನ್ಸರ್, ಮರೆವಿನ ಕಾಯಿಲೆಯ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ತೆಗೆಸುವುದಾಗಿ ಪ್ರಕಟಿಸಿತು. ಒಂದನ್ನು ಮಾತ್ರ ಉಳಿಸಿಕೊಂಡಿತು: ಬರೀ ಈಸ್ಟ್ರೋಜನ್ ತೆಗೆದುಕೊಂಡರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬರಬಹುದು ಎಂಬುದು.

ನಮ್ಮ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ಟರೆ ಒಳಪದರ ಬೆಳೆಯುತ್ತಲೇ ಹೋಗುತ್ತದೆ. 1975ರಲ್ಲೇ ಇದು ಗೊತ್ತಾಗಿತ್ತು. ಅದನ್ನು ತಡೆಯಲು ಪ್ರೊಜೆಸ್ಟರಾನ್ ಬೇಕೇ ಬೇಕು. ಗರ್ಭಕೋಶ ಇಲ್ಲದವರಿಗೆ ಸಾಮಾನ್ಯವಾಗಿ ಬೇಡ. ಹಾಗಾಗಿ ಡಾಕ್ಟರು ಮೊದಲು ಕೇಳುವುದು, ಗರ್ಭಕೋಶ ಇದೆಯೇ ಇಲ್ಲವೇ ಎಂದು.

ನನ್ನ ಗೆಳೆಯನೊಬ್ಬ ಹೀಗೆ ಭಾಷಾಂತರಕ್ಕೆ ಕುಳಿತಿದ್ದ. ‘ಅಮ್ಮಾ, ನಿಂಗೆ ಆಪರೇಷನ್ ಆಗಿದೆಯಾ?’ ಎಂದು ಮುಖ ಎತ್ತದೆ ಕೇಳಿದ. ಅವರು ಅಷ್ಟೇ ಸಂಕೋಚದಿಂದ ‘ಹ್ಞೂಂ ಕಣೋ, ನಿನ್ನ ತಂಗಿ ಹುಟ್ಟಿದ ಮೇಲೆ ಆಯ್ತಲ್ಲ’ ಎಂದರು. ಇವನು ‘ಯೆಸ್’ ಎಂದುಬಿಟ್ಟ. ಪಕ್ಕದಲ್ಲಿದ್ದ ಅವನ ಹೆಂಡತಿ ತಡೆದು, ‘ಅತ್ತೆ, ಅದು ಮಕ್ಕಳಾಗದ ಹಾಗೆ ಮಾಡಿಸಿದ್ದಲ್ವಾ?’ ಎಂದು ಕೇಳದಿದ್ದರೆ ಆ ತಾಯಿಗೆ ಬರೀ ಈಸ್ಟ್ರೋಜನ್ ಚೀಟಿ ಸಿಗುತ್ತಿತ್ತು. ನಮ್ಮ ಕಡೆ ‘ಆಪರೇಷನ್ ಆಗಿದೆ’ ಎಂದರೆ ಬಹುಪಾಲು ಸಂತಾನಹರಣ ಚಿಕಿತ್ಸೆ. ಅದರಲ್ಲಿ ಗರ್ಭಕೋಶ ಎಲ್ಲಿತ್ತೋ ಅಲ್ಲೇ ಇರುತ್ತದೆ. ಗರ್ಭಕೋಶವನ್ನೇ ತೆಗೆಸಿಕೊಂಡವರೂ ನಮ್ಮಲ್ಲಿ ಕಡಿಮೆ ಇಲ್ಲ, ಕೆಲವರಿಗೆ ಜೊತೆಗೆ ಅಂಡಾಶಯವನ್ನೂ ತೆಗೆದಿರುತ್ತಾರೆ. ಊರಿನ ಆಸ್ಪತ್ರೆಯ ಡಿಸ್‌ಚಾರ್ಜ್ ಕಾಗದ ಬೀರುವಿನಲ್ಲಿದ್ದರೆ ಫೋಟೊ ತೆಗೆಸಿ ತರಿಸಿಕೊಳ್ಳಿ.

ಇನ್ನೊಂದು ತೊಡಕು ಮಡಿ-ಮೈಲಿಗೆಯದು. ಪ್ರೊಜೆಸ್ಟರಾನ್ ಕ್ಯಾಪ್ಸೂಲಿನ ಹೊರಕವಚ ಸಾಮಾನ್ಯವಾಗಿ ಜೆಲಟಿನ್, ಅಂದರೆ ಪ್ರಾಣಿಜನ್ಯ. ಇದು ತಿಳಿದ ಸಸ್ಯಾಹಾರಿ ಅತ್ತೆ ಯಾರಿಗೂ ಹೇಳದೆ ಅದನ್ನು ಬಿಟ್ಟು ಪ್ಯಾಚನ್ನು ಮಾತ್ರ ಮುಂದುವರಿಸಿದರೆ ಮೇಲೆ ಹೇಳಿದ ಅಪಾಯ ಸದ್ದಿಲ್ಲದೆ ಶುರುವಾಗುತ್ತದೆ. ಬಿಡುವ ಬದಲು ಬಾಯಿ ಬಿಟ್ಟು ಹೇಳಿದರೆ ದಾರಿಗಳಿವೆ: ಎರಡೂ ಹಾರ್ಮೋನು ಸೇರಿದ ಪ್ಯಾಚು ಸಿಗುತ್ತದೆ, ಬೇರೆ ಪ್ರೊಜೆಸ್ಟಿನ್ ಮಾತ್ರೆಗಳಿವೆ. ಪ್ರೊಮೆಟ್ರಿಯಂ ಎಂಬ ಕ್ಯಾಪ್ಸೂಲಿನಲ್ಲಿ ಕಡಲೆಕಾಯಿ ಎಣ್ಣೆ ಇದೆ, ಅಲರ್ಜಿ ಇದ್ದವರಿಗೆ ಆಗದು. ನಿದ್ದೆ ಬರಿಸುವುದರಿಂದ ಅದನ್ನು ಮಲಗುವಾಗ ಕೊಡುತ್ತಾರೆ. ಅಂದಹಾಗೆ, ಪ್ರೆಮರಿನ್ ಎಂಬ ಹಳೆಯ ಈಸ್ಟ್ರೋಜನ್ ಮಾತ್ರೆ ಗಬ್ಬದ ಕುದುರೆಯ ಮೂತ್ರದಿಂದ ತಯಾರಾಗುತ್ತದೆ, ಹೆಸರಿನಲ್ಲೇ ಅದು ಅಡಗಿದೆ. ಪ್ಯಾಚಿನಲ್ಲಿರುವ ಎಸ್ಟ್ರಡಯಾಲ್ ಸಸ್ಯಮೂಲದಿಂದ ಮಾಡಿದ್ದು.

ಮಾತ್ರೆಯೋ ಪ್ಯಾಚೋ? ಮಾತ್ರೆ ಹೊಟ್ಟೆಯಿಂದ ನೇರ ಲಿವರ್‌ಗೆ ಹೋಗುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಹೆಚ್ಚಿಸುತ್ತದೆ. ಚರ್ಮದ ಮೂಲಕ ಹೋದರೆ ಆ ಅಪಾಯ ಕಡಿಮೆ. ಬೆಂಗಳೂರಿನಿಂದ ಇಲ್ಲಿಗೆ ಇಪ್ಪತ್ತು ಗಂಟೆ ಕಾಲು ಮಡಚಿ ಕುಳಿತು ಬರುವವರಿಗೆ ಇದು ಸಣ್ಣ ವಿಷಯವಲ್ಲ, ಡಾಕ್ಟರಿಗೆ ಪ್ರಯಾಣದ ದಿನಾಂಕವನ್ನೂ ಹೇಳಿ. ಪ್ಯಾಚನ್ನು ಹೊಟ್ಟೆಯ ಕೆಳಭಾಗಕ್ಕೋ ಪೃಷ್ಠಕ್ಕೋ ಅಂಟಿಸಬೇಕು, ಎದೆಯ ಮೇಲೆ ಕೂಡದು. ಶನಿವಾರದ ಎಣ್ಣೆ ಸ್ನಾನವಾದ ತಕ್ಷಣ ಅಂಟಿಸಿದರೆ ಸಂಜೆಯೊಳಗೆ ಸೀರೆಗೆ ಅಂಟಿರುತ್ತದೆ. ಎಣ್ಣೆಯಿಲ್ಲದ ಒಣ ಚರ್ಮವೇ ಬೇಕು. ಜೆಲ್, ಸ್ಪ್ರೇ ಹಚ್ಚುವವರು ಹಚ್ಚಿದ ಜಾಗ ಮೊಮ್ಮಕ್ಕಳಿಗೆ ತಗುಲದಂತೆ ನೋಡಿಕೊಳ್ಳಬೇಕು. ಇಂಥ ಸ್ಪ್ರೇ ಸೋಕಿದ ಮಕ್ಕಳಲ್ಲಿ ಎದೆ ಬೆಳೆಯುವಂಥ ಬದಲಾವಣೆ ಕಂಡದ್ದರಿಂದ 2010ರಲ್ಲಿ ಎಫ್‌ಡಿಎ ಎಚ್ಚರಿಸಿತ್ತು.

ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟಿದ್ದು, ತೀವ್ರ ಲಿವರ್ ಕಾಯಿಲೆ, ಇವುಗಳಲ್ಲಿ ಯಾವುದಿದ್ದರೂ ಈ ಚಿಕಿತ್ಸೆ ಸಾಮಾನ್ಯವಾಗಿ ಬೇಡ. ಅವರಿಗಾಗಿ ಹಾರ್ಮೋನಲ್ಲದ ಔಷಧಿಗಳಿವೆ. 2023ರಲ್ಲಿ ಒಪ್ಪಿಗೆ ಪಡೆದ ಫೆಜೊಲಿನೆಟಂಟ್ ಅಂಥದ್ದೊಂದು, ಅದಕ್ಕೆ ಲಿವರ್ ಪರೀಕ್ಷೆ ಮಾಡಿಸುತ್ತಿರಬೇಕು. ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ‘ಉಷ್ಣಕ್ಕೆ ಹೋಗಿದೆ’ ಎನ್ನದೆ ಡಾಕ್ಟರಿಗೆ ಫೋನ್ ಮಾಡಿ. ಮ್ಯಾಮೊಗ್ರಾಮ್ ತಪ್ಪಿಸಬೇಡಿ, ವರ್ಷಕ್ಕೊಮ್ಮೆ ‘ಇನ್ನೂ ಬೇಕೇ, ಇಷ್ಟೇ ಡೋಸ್ ಸಾಕೇ’ ಎಂದು ಕೇಳಿ.

ಆರು ತಿಂಗಳಿಗೆಂದು ಬರುವ ಅಮ್ಮಂದಿರು ಸಾಧ್ಯವಾದರೆ ಊರಿನಲ್ಲೇ ತಪಾಸಣೆ ಮುಗಿಸಿ, ಮಾತ್ರೆಯ ಕಂಪನಿ ಹೆಸರಿನ ಬದಲು ಮೂಲ ಔಷಧಿಯ ಹೆಸರಿರುವ ಚೀಟಿ ತರಲಿ. ಬ್ರ್ಯಾಂಡ್ ಹೆಸರು ಇಲ್ಲಿ ಬೇರೆಯೇ ಇರುತ್ತದೆ, ವಿಸಿಟರ್ ಇನ್ಶೂರೆನ್ಸ್ ಹಳೆಯ ತೊಂದರೆಗಳಿಗೆ ಹಣ ಕೊಡುವುದು ಅಪರೂಪ. ಇಲ್ಲೇ ತೋರಿಸುವುದಾದರೆ, ಮಗನ ಮುಂದೆ ಹೇಳಲಾಗದ್ದನ್ನು ಹೇಳಿಸಲು ಇನ್ನೊಂದು ಅನುಕೂಲವಿದೆ. ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಉಚಿತವಾಗಿ ದುಭಾಷಿಯನ್ನು ಒದಗಿಸಬೇಕು, ಫೋನಿನಲ್ಲಾದರೂ ಸರಿ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕನ್ನಡ ಬಲ್ಲ ಹೆಂಗಸೇ ಬೇಕೆಂದು ಕೇಳಿ. ಒಂದೊಂದೇ ಅಕ್ಷರ ಬಿಡಿಸಿ ಹೇಳಿ, ಇಲ್ಲದಿದ್ದರೆ ‘ಕೆನಡಾ’ ಎಂದು ಬರೆದುಕೊಂಡು ಫ್ರೆಂಚ್ ಬಲ್ಲವರನ್ನು ಕರೆಸಿಯಾರು!