ಶಿಶುವಿಹಾರದಲ್ಲಿ ದಿ ರಿಯಲ್ ಮದರ್ ಗೂಸ್

ದಿ ರಿಯಲ್ ಮದರ್ ಗೂಸ್ ಇಂಗ್ಲಿಷ್ ಶಿಶುಗೀತೆಗಳ ಸಚಿತ್ರ ಸಂಕಲನ. ಬ್ಲಾಂಚ್ ಫಿಷರ್ ರೈಟ್ ಚಿತ್ರಿಸಿದ ಈ ಪುಸ್ತಕವನ್ನು ಅಮೆರಿಕದ ರ‍್ಯಾಂಡ್ ಮೆಕ್‌ನ್ಯಾಲಿ ಸಂಸ್ಥೆ ೧೯೧೬ರಲ್ಲಿ ಪ್ರಕಟಿಸಿತು.

ಓದಲು ಬಾರದ ಮಗುವಿಗೆ ಚಿತ್ರವೇ ಗೀತೆಯ ಗುರುತು. ಶಿಕ್ಷಕರು ಪುಟವನ್ನು ಮಕ್ಕಳಿಗೆ ಕಾಣುವಂತೆ ಹಿಡಿದು, ಪದಗಳ ಕೆಳಗೆ ಬೆರಳಾಡಿಸುತ್ತಾ ಹಾಡುತ್ತಾರೆ. ಗೀತೆ ಪರಿಚಿತವಾದ ಬಳಿಕ ಸಾಲಿನ ಕೊನೆಯ ಪ್ರಾಸಪದವನ್ನು ನುಡಿಯದೆ ನಿಲ್ಲಿಸಿದರೆ ಮಕ್ಕಳೇ ಅದನ್ನು ತುಂಬುತ್ತಾರೆ. ಅನಂತರ ಅದೇ ಧ್ವನಿಯಿಂದ ಮುಗಿಯುವ ಬೇರೆ ಪದಗಳನ್ನು ಅವರಿಂದ ಹೇಳಿಸಲಾಗುತ್ತದೆ. ಈ ಹಂತವಿಲ್ಲದಿದ್ದರೆ ಗೀತೆಯು ಬರಿಯ ಕಂಠಪಾಠವಾಗಿ ಉಳಿಯುತ್ತದೆ.

ಮೂರನೆಯ ವಯಸ್ಸಿನಲ್ಲಿ ಶಿಶುಗೀತೆಗಳನ್ನು ಹೆಚ್ಚು ಬಲ್ಲ ಮಕ್ಕಳು ಮುಂದೆ ಓದಿನಲ್ಲಿಯೂ ಕಾಗುಣಿತದಲ್ಲಿಯೂ ಮುಂದಿರುವುದನ್ನು ಪೀಟರ್ ಬ್ರಯಂಟ್ ಮತ್ತು ಸಂಗಡಿಗರು ೧೯೮೯ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಪ್ರಾಸವನ್ನು ಗುರುತಿಸುವ ಕಿವಿಯು ಪದದೊಳಗಿನ ಧ್ವನಿಗಳನ್ನು ಬಿಡಿಸಿ ಕೇಳಲು ಕಲಿಯುತ್ತದೆ ಎಂಬುದು ಇದರ ವಿವರಣೆ.