ಪತ್ರದ ಕೆಳಗೆ ‘ಸ್ಟೀವ್’, ಬರೆದವರು ಸ್ಟೆಫನಿ!
ಬ್ರಿಟನ್ನಿನ ಸಾಫ್ಟ್‌ವೇರ್ ಉದ್ಯಮಿ ಸ್ಟೆಫನಿ ಶರ್ಲಿ ವ್ಯವಹಾರದ ಪತ್ರಗಳಿಗೆ ‘ಸ್ಟೀವ್’ ಎಂದು ಗಂಡಸಿನ ಹೆಸರಿನಲ್ಲಿ ಸಹಿ ಹಾಕುತ್ತಿದ್ದರು. ಸ್ವಂತ ಹೆಸರಿನಲ್ಲಿ ಬರೆದಾಗ ಉತ್ತರವೇ ಬರುತ್ತಿರಲಿಲ್ಲ. ಪ್ರತಿಭೆ ಅದೇ, ಬದಲಾದದ್ದು ಹೆಸರು ಮಾತ್ರ, ಕೆಲಸ ಸಿಗತೊಡಗಿತು.

1962ರಲ್ಲಿ ಅವರು ಕಟ್ಟಿದ ಕಂಪನಿ, ಮದುವೆ ಅಥವಾ ಹೆರಿಗೆಯ ಬಳಿಕ ಕೆಲಸ ಬಿಟ್ಟಿದ್ದ ನುರಿತ ಮಹಿಳೆಯರನ್ನು ಹುಡುಕಿ ಸೇರಿಸಿಕೊಂಡಿತು. ಅವರು ಮನೆಯಲ್ಲೇ ಕೂತು ಪೆನ್ಸಿಲ್ ಹಿಡಿದು ಕಾಗದದ ಮೇಲೆ ಪ್ರೋಗ್ರಾಂ ಬರೆಯುತ್ತಿದ್ದರು. ಮೊದಲ 300 ಸಿಬ್ಬಂದಿಯಲ್ಲಿ 297 ಮಂದಿ ಮಹಿಳೆಯರು. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸ್‌ಗೆ ಪ್ರೋಗ್ರಾಂ ಬರೆದದ್ದೂ ಇದೇ ತಂಡ.

1975ರಲ್ಲಿ ಬ್ರಿಟನ್ ಲಿಂಗ ತಾರತಮ್ಯ ನಿಷೇಧ ಕಾನೂನು ತಂದಿತು. ಮಹಿಳೆಯರಿಗಷ್ಟೇ ಕೆಲಸ ಮೀಸಲಿಡುವುದೂ ಅದರಿಂದ ಕಾನೂನುಬಾಹಿರವಾಯಿತು. ಶರ್ಲಿಯವರ ಕಂಪನಿ ಗಂಡಸರಿಗೂ ಸಮಾನ ಅವಕಾಶ ಕೊಡಬೇಕಾಯಿತು.