ಚಿಟಿಕೆ ಅರಿಷಿಣಕ್ಕೆ ನಲವತ್ತರ ಗುಣಾಕಾರ!

ಹರಿಪುರ (ಸಾಂಗ್ಲಿ): ಕೃಷ್ಣಾ-ವಾರಣಾ ಕೂಡುವ ಈ ಊರಿನಲ್ಲಿ ಅರಿಷಿಣಕ್ಕೆ ಎರಡು ಲೆಕ್ಕ ಇದ್ದವು. ನೆಲದೊಳಗೆ ತೋಡಿದ ಪೇವುಗಳಲ್ಲಿ ಚೀಲದ ಲೆಕ್ಕ, ಅಡುಗೆಮನೆಯಲ್ಲಿ ಚಿಟಿಕೆ ಲೆಕ್ಕ. 2005ರ ಮಹಾಪೂರದ ನೀರು ನುಗ್ಗಿ ಎಷ್ಟೋ ಪೇವುಗಳು ಹಾಳಾದವು. ಚಿಟಿಕೆ ಲೆಕ್ಕ ಮಾತ್ರ ಮನೆಮನೆಯಲ್ಲಿ ಉಳಿದುಕೊಂಡಿದೆ. ಐದು ಮಂದಿಯ ಖಿಚಡಿಗೆ ಒಂದು ಚಿಟಿಕೆ. ಸರಿ, ಇನ್ನೂರು ಮಂದಿಗೆ ಎಷ್ಟು?

'ನಲವತ್ತು ಚಿಟಿಕೆ' ಎಂದು ಥಟ್ಟನೆ ಹೇಳುವವರ ಸಾಲಿನಲ್ಲಿ ಈ ಲೇಖಕನೂ ಇದ್ದ. 2019ರ ಆಗಸ್ಟ್‌ವರೆಗೆ!

ಆ ಆಗಸ್ಟ್ ಗಡಿಭಾಗದವರಿಗೆ ಮರೆಯುವಂಥದ್ದಲ್ಲ. ಸಾಂಗ್ಲಿಯ ಐರ್ವಿನ್ ಸೇತುವೆ ಹತ್ತಿರ ಕೃಷ್ಣೆ 45 ಅಡಿಯ ಅಪಾಯ ಮಟ್ಟವನ್ನು ಎಂದೋ ದಾಟಿದ್ದಳು. ನದಿದಂಡೆಯ ಊರವರು, ಪೇಟೆಯವರು ಉಟ್ಟ ಬಟ್ಟೆಯಲ್ಲಿ ಎತ್ತರದ ಜಾಗದ ಶಾಲೆ, ಮಂಗಲ ಕಾರ್ಯಾಲಯ ಸೇರಿದರು. ಅವರಿಗೆ ಊಟ ಹಾಕಲು ಮುಂದೆ ಬಂದವರಲ್ಲಿ ಬಹಳಷ್ಟು ಮಂದಿ ಜೀವಮಾನದಲ್ಲಿ ಹತ್ತು ಜನಕ್ಕಿಂತ ಹೆಚ್ಚಿನವರಿಗೆ ಅಡುಗೆ ಮಾಡಿದವರಲ್ಲ. ನಾವೂ ಹಾಗೆಯೇ.

ಮನೆಯ ಲೆಕ್ಕ ಸರಳ. ಐದು ಮಂದಿಗೆ 400 ಗ್ರಾಂ ಅಕ್ಕಿ, 100 ಗ್ರಾಂ ಹೆಸರುಬ್ಯಾಳಿ, 2 ಲೀಟರ್ ನೀರು, ಎರಡು ಚಮಚ ಉಪ್ಪು. ಎಲ್ಲವನ್ನೂ ನಲವತ್ತರಿಂದ ಗುಣಿಸಿದೆವು. ಅಕ್ಕಿ 16 ಕೆ.ಜಿ., ಬ್ಯಾಳಿ 4 ಕೆ.ಜಿ., ನೀರು 80 ಲೀಟರ್, ಉಪ್ಪು 80 ಚಮಚ. ಎರಡು ದೊಡ್ಡ ಪಾತೇಲಿ ಒಲೆ ಏರಿದವು. ಆಗಿದ್ದೇನು? ಖಿಚಡಿ ಅಲ್ಲ, ಉಪ್ಪುಪ್ಪಾದ ಗಂಜಿ!

ಮದುವೆ ಮನೆಗಳಲ್ಲಿ ಅಡಿಗಿ ಮಾಡಿ ಕೈ ಪಳಗಿದ ಒಬ್ಬ ಆಯಿ ಅಲ್ಲೇ ಇದ್ದರು. ಸೌಟಿನಿಂದ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದರು. 'ಅಲ್ಲೋ ತಮ್ಮಾ, ಉಪ್ಪು ಎಣಿಸಿ ಹಾಕ್ತಾರೇನು? ತೂಗಿ ಹಾಕಬೇಕ, ಅದೂ ಮೊದಲ ಮುಕ್ಕಾಲ' ಎಂದರು. ಬೇರೆ ಪಾತೇಲಿಯಲ್ಲಿ ಉಪ್ಪಿಲ್ಲದ ಅನ್ನ ಮಾಡಿಸಿ ಅದಕ್ಕೆ ಕೂಡಿಸಿದರು. ಮಧ್ಯಾಹ್ನ 12ಕ್ಕೆ ಆಗಬೇಕಿದ್ದ ಊಟ 3ಕ್ಕೆ ಆಯಿತು. ತೊಯ್ದ ಬಟ್ಟೆಯಲ್ಲಿ ಕೂತಿದ್ದ ಕೂಸುಗಳು ಅಷ್ಟು ಹೊತ್ತು ಕಾದವು. ಅನ್ನ ಕೂಡಿಸಿದ್ದರಿಂದ ಮಿಕ್ಕಿದ್ದೂ ಬಹಳ. ರಾತ್ರಿಗೆ ಆದೀತೆಂದು ಮುಚ್ಚಿಟ್ಟೆವು. ಮುಚ್ಚಳ ತೆಗೆದರೆ ಹಳಸಿದ ವಾಸನೆ. ಜನ ತುತ್ತಿಗೆ ಕಾದಿದ್ದ ದಿನ ಅದನ್ನು ಹೊತ್ತೊಯ್ದು ಚೆಲ್ಲಿದ್ದು ನಾವೇ.

ಚಮಚದ ಮೋಸ

ತಪ್ಪಿದ್ದೆಲ್ಲಿ? ಮೊದಲನೆಯದು ಚಮಚ. ಮಟ್ಟಸ ಮಾಡಿದ ಒಂದು ಚಹಾ ಚಮಚ ಉಪ್ಪು ಸುಮಾರು 6 ಗ್ರಾಂ. ಗೋಪುರದಂತೆ ತುಂಬಿದರೆ 9 ಗ್ರಾಂ ದಾಟುತ್ತದೆ. ಮನೆಯ ಪಾತ್ರೆಯಲ್ಲಿ ಆ 3 ಗ್ರಾಂ ನಾಲಿಗೆಗೆ ತಿಳಿದರೂ ತಿಳಿದೀತು, ಯಾರೂ ತಟ್ಟೆ ಬಿಟ್ಟೇಳುವುದಿಲ್ಲ. 80 ಚಮಚ ಆದಾಗ ಅದೇ ಕಾಲು ಕಿಲೋ ಹತ್ತಿರ ಹೋಗುತ್ತದೆ. ಅಡುಗೆಯ ಜತೆಗೆ ತಪ್ಪನ್ನೂ ನಲವತ್ತರಿಂದ ಗುಣಿಸಿದ್ದೆವು ಅನ್ನಿ. ಚಿಟಿಕೆಯದೂ ಇದೇ ಗತಿ. ಒಬ್ಬರ ಚಿಟಿಕೆ ಇನ್ನೊಬ್ಬರ ಚಿಟಿಕೆ ಅಲ್ಲ, ಅರಿಷಿಣ ಹೆಚ್ಚಾದರೆ ಕಹಿ. ಆದ್ದರಿಂದ ಐವತ್ತು ಮಂದಿ ದಾಟಿತೆಂದರೆ ಉಪ್ಪು, ಖಾರ, ಅರಿಷಿಣ ಮೂರೂ ತಕ್ಕಡಿ ಏರಬೇಕು. ಲೆಕ್ಕದ ಮುಕ್ಕಾಲು ಪಾಲು ಮೊದಲು, ಉಳಿದದ್ದು ರುಚಿ ನೋಡಿ. ಖಾರಕ್ಕಂತೂ ಇದು ಕಡ್ಡಾಯ. ದೊಡ್ಡ ಪಾತೇಲಿ ಬಹಳ ಹೊತ್ತು ಕುದಿಯುತ್ತದೆ, ಖಾರ ನಿಧಾನವಾಗಿ ಏರುತ್ತದೆ.

ಪಾತೇಲಿಯ ಬಾಯಿ

ಎರಡನೆಯದು ನೀರು. ಅಗಲ, ಎತ್ತರ ಎರಡೂ ಎರಡು ಪಟ್ಟಿರುವ ಪಾತೇಲಿ ತಂದರೆ ಅದರಲ್ಲಿ ಹಿಡಿಯುವುದು ಎಂಟು ಪಟ್ಟು. ಬಾಯಿಯ ವಿಸ್ತಾರ ಮಾತ್ರ ನಾಲ್ಕು ಪಟ್ಟು. ಹಬೆ ಹೋಗುವುದು ಬಾಯಿಯಿಂದ ತಾನೆ? ಹೀಗಾಗಿ ಪಾತ್ರೆ ದೊಡ್ಡದಾದಷ್ಟೂ ಲೀಟರಿಗೆ ಹಾರಿ ಹೋಗುವ ನೀರು ಕಡಿಮೆ. ಮನೆಯ ಅಳತೆಯಲ್ಲಿ ಹಾರಿ ಹೋಗುವ ಪಾಲೂ ಸೇರಿರುತ್ತದೆ. ಅದನ್ನೂ ಗುಣಿಸಿದ್ದಕ್ಕೇ ನಮ್ಮದು ಗಂಜಿಯಾಯಿತು. ನೀರೂ ಮುಕ್ಕಾಲು ಪಾಲು ಹಾಕಿ, ಉಳಿದದ್ದನ್ನು ಪಕ್ಕದ ಒಲೆಯ ಮೇಲೆ ಕುದಿಯಲು ಇಟ್ಟುಕೊಳ್ಳಿ. ತಣ್ಣೀರು ಸುರಿದರೆ ಕುದಿ ನಿಂತು ಬ್ಯಾಳಿ ಬೇಯಲು ತಡವಾಗುತ್ತದೆ.

ಒಗ್ಗರಣೆ ಎಣ್ಣೆಗೂ ಇದೇ ಮಾತು. ಎಣ್ಣೆ ಬೇಕಾಗುವುದು ತಳ ಮುಚ್ಚಲಿಕ್ಕೆ. ತಳವೂ ಬಾಯಿಯಂತೆ ನಾಲ್ಕೇ ಪಟ್ಟು ಹಿಗ್ಗುತ್ತದೆ.

ಇನ್ನು ಹಳಸಿದ್ದು. ದೊಡ್ಡ ಪಾತೇಲಿ ತಡವಾಗಿ ಕಾಯುವಂತೆ ತಡವಾಗಿಯೇ ಆರುತ್ತದೆ. ಮುಚ್ಚಿಟ್ಟ ಅನ್ನ ತಾಸುಗಟ್ಟಲೆ ಉಗುರು ಬೆಚ್ಚಗೆ ಕೂತಿರುತ್ತದೆ. ಬೇಯಿಸಿದರೂ ಸಾಯದ ಕೆಲವು ಸೂಕ್ಷ್ಮಾಣುಗಳ ಬೀಜಕ ಅಕ್ಕಿಯಲ್ಲಿ ಇರುತ್ತವೆ, ಬೆಳೆಯಲಿಕ್ಕೆ ಅವಕ್ಕೆ ಅಷ್ಟು ಬೆಚ್ಚಗಿದ್ದರೆ ಸಾಕು. ಅವು ಬಿಡುವ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ವಾಸನೆ ಬಾರದಿದ್ದರೂ ಹೊಟ್ಟೆ ಕೆಟ್ಟೀತು. ಮಿಕ್ಕೀತು ಅನಿಸಿದರೆ ಬಿಸಿ ಇರುವಾಗಲೇ ಅಗಲ ಪರಾತಗಳಲ್ಲಿ ತೆಳ್ಳಗೆ ಹರವಬೇಕು, ಬೇಗ ಹಂಚಬೇಕು.

ಸರಕಾರದ ಅಳತೆ

ಬಹುಮಂದಿಯ ಅಡುಗೆಗೆ ಕಣ್ಣೆದುರಿನ ಮಾದರಿ ಶಾಲೆಯ ಮಧ್ಯಾಹ್ನದ ಊಟ. ಮಿರಜ, ಜತ್ತ ಕಡೆಯ ಕನ್ನಡ ಶಾಲೆಗಳ ಮಕ್ಕಳೂ ಇದನ್ನೇ ಉಣ್ಣುತ್ತಾರೆ. 1ರಿಂದ 5ನೇ ಇಯತ್ತೆಯ ಮಗುವಿಗೆ ಧಾನ್ಯ 100 ಗ್ರಾಂ, ಬ್ಯಾಳಿ 20, ಕಾಯಿಪಲ್ಯ 50, ಎಣ್ಣೆ 5 ಗ್ರಾಂ. 6ರಿಂದ 8ಕ್ಕೆ ಎಲ್ಲವೂ ಒಂದೂವರೆ ಪಟ್ಟು. 200 ಚಿಕ್ಕ ಮಕ್ಕಳಿಗೆ ಅಕ್ಕಿ 20 ಕೆ.ಜಿ., ಬ್ಯಾಳಿ 4 ಕೆ.ಜಿ., ಎಣ್ಣೆ 1 ಕೆ.ಜಿ. ಎಲ್ಲ ತೂಕದ್ದೇ. ಉಪ್ಪು-ಮಸಾಲೆ ಬಂದಲ್ಲಿ ಮಾತ್ರ ಸರಕಾರವೂ 'ಅಗತ್ಯಕ್ಕೆ ತಕ್ಕಷ್ಟು' ಎಂದು ಬಿಟ್ಟಿದೆ. ಆಯಿಯ ಮಾತೂ ಅದೇ ಅಲ್ಲವೇ!

ಇಬ್ಬರಿಗೆ ಮಾಡೋದೇ ಕಷ್ಟ

ಇವತ್ತು ಬಹಳ ಮನೆಗಳ ತೊಂದರೆ ತಿರುಗಾಮುರುಗಾ. ಮಕ್ಕಳು ಪುಣೆ, ಬೆಂಗಳೂರು ಸೇರಿದ್ದಾರೆ. ಅವ್ವನ ಹೋಳಿಗೆ, ಕಟ್ಟಿನ ಸಾರು ಇಪ್ಪತ್ತೈದು ಮಂದಿಯ ಅಳತೆಯವು. ಶೇರು, ಅಚ್ಛೇರು, ಪಾವಶೇರಿನವು. 80 ತೊಲೆಯ ಶೇರು ಎಂದರೆ 933 ಗ್ರಾಂ, ಚಟಾಕು ಎಂದರೆ ಸುಮಾರು 58 ಗ್ರಾಂ. ಆದರೆ ಅವ್ವ ಹೇಳಿದ ಶೇರು ತೂಕದ್ದೋ, ಮಾಪಿನದೋ ಮೊದಲು ಕೇಳಿಕೊಳ್ಳಿ. ಅವೆರಡೂ ಒಂದಲ್ಲ.

ಹೋಳಿಗೆ ಹೂರಣ ಕಿರಿದಾಗಿಸುವುದು ಸುಲಭ. ಕಡಲಿಬ್ಯಾಳಿ ಎಷ್ಟೋ ಬೆಲ್ಲ ಅಷ್ಟೇ, ಒಂದು ಕಿಲೋ ಇರಲಿ, ಒಂದು ಬಟ್ಟಲ ಇರಲಿ. ಸಾರಿನದು ಹಾಗಲ್ಲ. ಸಣ್ಣ ಪಾತ್ರೆಯಲ್ಲಿ ನೀರು ಬೇಗ ಹಾರುತ್ತದೆ, ಆದ್ದರಿಂದ ಲೆಕ್ಕಕ್ಕಿಂತ ತುಸು ಹೆಚ್ಚು ನೀರು ಬೇಕು, ಉರಿ ಸಣ್ಣಗಿರಬೇಕು. ದೊಡ್ಡ ಕುಕ್ಕರಿನಲ್ಲಿ ಹಿಡಿ ಬ್ಯಾಳಿ ನೇರ ಹಾಕಿದರೆ ತಳ ಹಿಡಿದೀತು. ಕುಕ್ಕರಿಗೆ ಅದರ ಕನಿಷ್ಠ ನೀರು ಹಾಕಿ, ಬ್ಯಾಳಿಯನ್ನು ಒಳಗಿನ ಡಬ್ಬಿಯಲ್ಲಿಡಿ.

ಇನ್ನೊಂದು ಕೆಲಸ ಬಾಕಿ ಇದೆ. ಅವ್ವ ಒಲೆ ಮುಂದೆ ನಿಂತಾಗ ಅವರ ಚಿಟಿಕೆ, ಹಿಡಿಗಳನ್ನು ಅಡುಗೆಮನೆಯ ಸಣ್ಣ ತಕ್ಕಡಿ ಮೇಲೆ ಹಾಕಿಸಿ ಗ್ರಾಂನಲ್ಲಿ ಬರೆದಿಡಿ. ಎಷ್ಟು ಮಂದಿ ಉಂಡರು, ಎಷ್ಟು ಮಿಕ್ಕಿತು ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ. ಮೊದಲ ಸಲ ಅವರು ಬೈಯಬಹುದು, ಬೈಸಿಕೊಳ್ಳಿ.